ಹೆಗಲು ಕೊಟ್ಟವರ ಪಟ್ಟಿ

ಬಯೋಡೇಟಾದ ಫೋಟೋದಲ್ಲಿ ಕೈ ಕಾಣಬಾರದು ಎಂದು ಕಂಪ್ಯೂಟರ್ ಕಲಿಸುವ ಟೈ ಮೇಷ್ಟ್ರು ಹೇಳಿದ್ದರು.

"ಎದೆವರೆಗೆ ಸಾಕು. ನಗುಮುಖ ಇರ್ಲಿ. ಕೈ ಬೇಡ. ವಿಳಾಸದಲ್ಲಿ ಬೀದಿ ಹೆಸರೂ ಬೇಡ."

ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು. ಆ ಕೈಗಳ ಮೇಲೆ ಹನ್ನೊಂದು ಗಾಯದ ಗುರುತುಗಳಿದ್ದವು. ಎಡಗೈ ಹೆಬ್ಬೆರಳಿನ ತುದಿ ಇರಲಿಲ್ಲ. ಹದಿನೇಳನೇ ವಯಸ್ಸಿನಿಂದ ಆರು ವರ್ಷ ಮಾಂಸದ ಕಾರ್ಖಾನೆಯಲ್ಲಿ ಕುರಿಯ ಮುಂಗಾಲು ಕತ್ತರಿಸಿದ ಕೈಗಳು ಇನ್ನು ಹೇಗಿರಬೇಕು? ಮೇಷ್ಟ್ರು ಮೊಬೈಲಿನಲ್ಲಿ ಫೋಟೋ ತೆಗೆದರು. ಅವಳು ನಕ್ಕಿದ್ದಳು. ಹಲ್ಲು ಬಿಟ್ಟಿದ್ದಳು ಎಂದರೂ ನಡೆಯುತ್ತದೆ.

ಬೀದಿಯವರು ಅವಳನ್ನು ಕಂಪ್ಯೂಟರಮ್ಮ ಎಂದು ಕರೆಯುತ್ತಿದ್ದರು. ಮೊದಮೊದಲು ಗೇಲಿಗೆ. ಅಂಗಡಿಯವನೊಬ್ಬ ಎಸೆಯಲಿಟ್ಟಿದ್ದ ಹಳೇ ಕಂಪ್ಯೂಟರನ್ನು ಅವಳು ಗೋಣಿಚೀಲದಲ್ಲಿ ಹೊತ್ತು ತಂದಾಗ ಮಕ್ಕಳು ಹಿಂದೆ ಬಿದ್ದು ಕೂಗಿದ್ದರು. ಆಮೇಲೆ ಅವಳು ಕಾಸು ಕೂಡಿಸಿ ಮೇಷ್ಟ್ರ ಕೋರ್ಸಿಗೆ ಸೇರಿದಳು. ಪ್ರತಿ ರಜೆಯ ದಿನ ಬಾಗಿಲ ಮೆಟ್ಟಿಲ ಮೇಲೆ ಆ ಪೆಟ್ಟಿಗೆ ಮುಂದೆ ಕೂತು ಪ್ರೋಗ್ರಾಂ ಬರೆದಳು. ಗೇಲಿ ಹೋಯಿತು, ಹೆಸರು ಉಳಿಯಿತು.

ಕೆಲಸ ಮಾತ್ರ ಸಿಗಲಿಲ್ಲ. ನೂರಾ ಎಂಬತ್ತು ಕಂಪನಿಗೆ ಅರ್ಜಿ ಹಾಕಿದ್ದಳು. ನಾಲ್ಕು ಕಡೆಯಿಂದ ಉತ್ತರ ಬಂತು. ಒಂದು ಕಡೆ ಸಂದರ್ಶನಕ್ಕೂ ಕರೆದರು. ಸಣ್ಣ ಕೋಣೆ, ಎ.ಸಿ. ಹಾಕಿದ್ದರು. ಐದು ನಿಮಿಷಕ್ಕೆ ಎದುರಿಗಿದ್ದವನು ಎದ್ದು ಕಿಟಕಿ ತೆಗೆದ. ಅವಳು ಆ ಬೆಳಿಗ್ಗೆ ಮೂರು ಸಲ ಮೈ ಉಜ್ಜಿಕೊಂಡಿದ್ದಳು. ಕುರಿಯ ಕೊಬ್ಬು ಸೋಪಿಗೆ ಬಗ್ಗುವುದಿಲ್ಲ. ಅದು ಉಗುರಿನ ಸಂದಿಯಲ್ಲಿ, ಕೂದಲ ಬುಡದಲ್ಲಿ ಮನೆ ಮಾಡಿಕೊಂಡಿರುತ್ತದೆ. "ತಿಳಿಸ್ತೀವಿ" ಎಂದರು. ಇವತ್ತಿಗೂ ತಿಳಿಸಿಲ್ಲ.

"ನೀನು ನಿನ್ನನ್ನ ಮಾರ್ಕೊಳ್ಳೋದು ಕಲೀಬೇಕಮ್ಮ," ಎಂದರು ಟೈ ಮೇಷ್ಟ್ರು. ಬೇಸಿಗೆಯಲ್ಲೂ ಟೈ ಬಿಚ್ಚದ ಮನುಷ್ಯ. ಕೆಟ್ಟವರಲ್ಲ. "ಎಲ್ರೂ ಅದೇ ಹವಾಮಾನ ತೋರ್ಸೋ ಪ್ರೋಗ್ರಾಂ, ಅದೇ ಕ್ಯಾಲ್ಕ್ಯುಲೇಟರ್ ಮಾಡಿ ತೋರಿಸ್ತಾರೆ. ನೀನೊಬ್ಳೇ ಮಾಡೋಕಾಗೋ ಅಂಥದ್ದು ಏನಾದ್ರೂ ಮಾಡು. ನಿಜವಾದ ಅಂಕಿಸಂಖ್ಯೆ ಹಾಕು. ಸುಳ್ಳು ಅಂಕಿ ನೋಡಿದ್ ತಕ್ಷಣ ಗೊತ್ತಾಗ್ಬಿಡುತ್ತೆ."

ಮಾರುವುದು ಅವಳಿಗೇನು ಹೊಸದಲ್ಲ. ಕೊಕ್ಕೆಗೆ ನೇತು ಹಾಕುವಾಗ ಕೊಬ್ಬಿರುವ ಮಗ್ಗುಲನ್ನು ಗಿರಾಕಿಯ ಕಡೆ ತಿರುಗಿಸಬೇಕು, ಪೆಟ್ಟಾದ ಮಗ್ಗುಲನ್ನು ಗೋಡೆಯ ಕಡೆ. ಅಷ್ಟೇ ತಾನೆ.

ನಿಜವಾದ ಅಂಕಿ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

ಕಾರ್ಖಾನೆಯ ಕತ್ತರಿಸುವ ಸಾಲಿನಲ್ಲಿ ಅರವತ್ತೆರಡು ಹೆಂಗಸರು. ತಲೆಯ ಮೇಲೆ ಸರಪಳಿ ಓಡುತ್ತದೆ. ಸರಪಳಿಯ ಕೊಕ್ಕೆಗಳಲ್ಲಿ ಚರ್ಮ ಸುಲಿದ ಕುರಿಗಳು ತೂಗುತ್ತಾ ಬರುತ್ತವೆ. ಒಬ್ಬೊಬ್ಬಳಿಗೂ ಒಂದು ಹಲಗೆ, ಒಂದು ಚೂರಿ. ಕುರಿ ಎದುರಿಗೆ ಬಂದ ಕೂಡಲೇ ಕತ್ತರಿಸಬೇಕು, ತುಂಡನ್ನು ತಟ್ಟೆಗೆ ಹಾಕಬೇಕು, ಹಲಗೆಯ ಪಕ್ಕದ ಗುಂಡಿ ಒತ್ತಬೇಕು. ಗುಂಡಿ ಒತ್ತಿದರೆ ಟೋಕನ್ ನಂಬರ್ ಮತ್ತು ಸಮಯ ಅಚ್ಚಾದ ಚೀಟಿ ಬರುತ್ತದೆ. ಒಂದು ತಟ್ಟೆಗೆ, ಅದರ ನಕಲು ಕೆಳಗಿನ ಡಬ್ಬಿಗೆ. ಇಷ್ಟೆಲ್ಲ ಮಾಡಲು ಮೊದಲು ಹನ್ನೊಂದು ಸೆಕೆಂಡು ಕೊಡುತ್ತಿದ್ದರು. ಹೋದ ವರ್ಷ ಒಂಬತ್ತು ಮಾಡಿದರು. ಚೂರಿ ಹಿಡಿಯದ ಕೈಗೆ ಉಕ್ಕಿನ ಬಲೆಯ ಗವಸು ಹಾಕಬೇಕು. ಗವಸು ಇಬ್ಬರಿಗೆ ಒಂದು. ಒಂದು ದಿನ ನೀನು, ಒಂದು ದಿನ ನಾನು.

ಒಂಬತ್ತು ಸೆಕೆಂಡಾದ ಮೇಲೆ ಕೈಗಳು ಕುಯ್ದು ಹೋಗತೊಡಗಿದವು. ಕೈ ಕುಯ್ದುಕೊಂಡವಳನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು, ಹೌದು. ಆದರೆ ಅವಳ ಟೋಕನ್ನು ಮರುದಿನ ಇನ್ನೊಬ್ಬಳ ಕೊರಳಲ್ಲಿರುತ್ತಿತ್ತು. ಹಾಗಾಗಿ ಯಾರೂ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಬಟ್ಟೆ ಸುತ್ತಿಕೊಂಡು ನಿಲ್ಲುತ್ತಿದ್ದರು. ಪಕ್ಕದವಳು ತನ್ನ ಕುರಿ ಕತ್ತರಿಸಿ, ಕೈ ಚಾಚಿ ಅವಳ ಕುರಿಯನ್ನೂ ಕತ್ತರಿಸಿ, ಅವಳ ಗುಂಡಿಯನ್ನೂ ಒತ್ತುತ್ತಿದ್ದಳು. ಇದಕ್ಕೆ ಸಾಲಿನಲ್ಲಿ ಹೆಗಲು ಕೊಡೋದು ಅನ್ನುತ್ತಾರೆ. ಅನ್ನುತ್ತಾರೆ ಎಂದರೆ, ಮನೆಯಲ್ಲಿ ಅನ್ನುತ್ತಾರೆ. ಕಾರ್ಖಾನೆಯೊಳಗೆ ಆ ಮಾತನ್ನು ಯಾರೂ ಬಾಯಿ ಬಿಟ್ಟು ಆಡಿದ್ದಿಲ್ಲ.

ಅವಳ ಅಮ್ಮ ಟೋಕನ್ ನಲವತ್ತೇಳು. ಎಂಟು ತಿಂಗಳ ಹಿಂದೆ ಅಮ್ಮನ ಚೂರಿ ಜಾರಿ ಎಡ ಅಂಗೈಯ ನರ ಕತ್ತರಿಸಿ ಹೋಗಿತ್ತು. ಮೂರು ಬೆರಳಿಗೆ ಸ್ಪರ್ಶವೇ ಇಲ್ಲ. ಬಿಸಿ ಪಾತ್ರೆ ಮುಟ್ಟಿ ಚರ್ಮ ಸುಟ್ಟರೂ ಅಮ್ಮನಿಗೆ ವಾಸನೆ ಬಂದ ಮೇಲೇ ಗೊತ್ತಾಗುತ್ತಿತ್ತು. ಎಂಟು ತಿಂಗಳಿಂದ ಅಮ್ಮನಿಗೆ ಹೆಗಲು ಕೊಟ್ಟವಳು ಪಕ್ಕದ ನಲವತ್ತೆಂಟು. ಎಡಗೈಯಲ್ಲಿ ಚೂರಿ ಹಿಡಿಯುವುದರಿಂದ ಅವಳು ಎಲ್ಲರಿಗೂ ಎಡಚಿ, ಇವಳಿಗೆ ಎಡಚಿ ಅತ್ತೆ. ಇವಳ ಹೆಬ್ಬೆರಳಿನ ತುದಿ ಹೋದಾಗ ಇವಳಿಗೂ ನಲವತ್ತು ದಿನ ಹೆಗಲು ಕೊಟ್ಟವಳು ಅವಳೇ.

ಚೀಟಿಯ ನಕಲುಗಳನ್ನು ವಾರಕ್ಕೊಮ್ಮೆ ಹಿತ್ತಲ ಕಸದ ರಾಶಿಗೆ ಎಸೆಯುತ್ತಿದ್ದರು; ಒಂದು ವರ್ಷದ ಚೀಟಿ ಅಲ್ಲೇ ಬಿದ್ದಿತ್ತು. ಅವಳು ಅವನ್ನು ಚೀಲದಲ್ಲಿ ತುಂಬಿ ಮನೆಗೆ ತಂದಳು. ರಕ್ತ ಮೆತ್ತಿದ ಚೀಟಿಗಳನ್ನು ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿದಳು. ಒಂದೊಂದನ್ನೂ ಕಂಪ್ಯೂಟರಿಗೆ ಹಾಕಿದಳು. ನಲವತ್ತೇಳರ ಚೀಟಿಗೂ ನಲವತ್ತೆಂಟರ ಚೀಟಿಗೂ ನಡುವೆ ಪ್ರತಿ ಸಲವೂ ಎರಡೇ ಸೆಕೆಂಡು. ಒಂದೇ ಕೈ ಎರಡು ಗುಂಡಿ ಒತ್ತಿದರೆ ಮಾತ್ರ ಹಾಗಾಗುತ್ತದೆ. ಅವಳ ಪ್ರೋಗ್ರಾಂ ಅಂಥ ಎರಡು ಸೆಕೆಂಡುಗಳನ್ನೆಲ್ಲ ಹುಡುಕಿ ತೆಗೆಯಿತು. ಯಾರ ಕೈ ಯಾವತ್ತು ಕೆಟ್ಟಿತು, ಯಾರು ಹೆಗಲು ಕೊಟ್ಟರು, ಹೆಗಲು ಕೊಟ್ಟವಳ ಕೈಯೇ ಎಷ್ಟು ದಿನಕ್ಕೆ ಕುಯ್ದುಹೋಯಿತು. ಸರಾಸರಿ ಹನ್ನೆರಡು ದಿನ. ಎಡಚಿ ಅತ್ತೆಯೊಬ್ಬಳು ಹೇಗೋ ಬಚಾವಾಗಿದ್ದಳು. ಪುಟದ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಸರಪಳಿ ನಿಧಾನ ಮಾಡಿ, ಕೈಗಳು ಉಳಿಯುತ್ತವೆ.

ಟೋಕನ್ ನಂಬರುಗಳನ್ನು ಇದ್ದ ಹಾಗೇ ಬಿಟ್ಟಳು. ಪ್ರೋಗ್ರಾಂನಲ್ಲಿ ಒಂದೇ ಒಂದು ಸಾಲು ಬರೆದಿದ್ದರೆ ಅವು ಮರೆಯಾಗುತ್ತಿದ್ದವು. ಬರೆಯಲಿಲ್ಲ. ನಿಜವಾದ ಅಂಕಿ ಎಂದು ತೋರಿಸಬೇಕಿತ್ತಲ್ಲ. ಗಾಜಿನ ಕಟ್ಟಡದಲ್ಲಿ ಕೂತವರಿಗೆ ನಲವತ್ತೇಳು ಯಾರಾದರೇನು ಎಂದುಕೊಂಡಳು.

ಪ್ರೋಗ್ರಾಂ ಕಳಿಸಿದ ಹನ್ನೆರಡು ದಿನಕ್ಕೆ ಒಂದು ಕಂಪನಿಯಿಂದ ಕರೆ ಬಂತು.

ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಅವಳ ಕೈ ನೋಡಿ, "ಕ್ಲೀನಿಂಗಿನವ್ರು ಹಿಂದಿನ್ ಬಾಗ್ಲಿಂದ," ಎಂದ. ಪತ್ರ ತೋರಿಸಿದಳು. ಪತ್ರವನ್ನು ಎರಡು ಸಲ ಓದಿ, ಫೋನ್ ಮಾಡಿ ಕೇಳಿ, ಆಮೇಲೆ ಬಿಟ್ಟ. ಒಳಗೆ ಮೂವರಿದ್ದರು. ಕೈ ಕುಲುಕಿದ ಹೆಂಗಸು ಮೇಜಿನ ಕೆಳಗೆ ಕರವಸ್ತ್ರ ತೆಗೆದು ಕೈ ಒರೆಸಿಕೊಂಡಳು. ಇವಳಿಗೆ ಕಾಣಿಸಿತು. ಕಾಣಿಸದವಳಂತೆ ಕೂತಳು.

"ನಿಮ್ಮ ಬಗ್ಗೆ ಹೇಳಿ," ಎಂದರು.

ಮೇಷ್ಟ್ರು ಬಾಯಿಪಾಠ ಮಾಡಿಸಿದ್ದನ್ನು ಹೇಳಿದಳು. ಹೊಸದನ್ನು ಕಲಿಯುವ ಆಸಕ್ತಿ. ತಂಡದಲ್ಲಿ ದುಡಿಯುವ ಮನಸ್ಸು. ಸಮಸ್ಯೆ ಬಿಡಿಸುವ ಹುಮ್ಮಸ್ಸು. ಒಂದು ಮಾತೂ ಅವಳದಲ್ಲ.

ಮೂವರಲ್ಲಿ ಆಕಳಿಸುತ್ತಿದ್ದ ಮ್ಯಾನೇಜರ್ ಅವಳ ಪ್ರೋಗ್ರಾಂ ನೋಡಿ ನೆಟ್ಟಗೆ ಕೂತ. "ಇದು ನಿಜವಾದ ಡೇಟಾನಾ?"

"ಎಲ್ಲಾ ನಿಜ ಸಾರ್. ಚೀಟಿಗಳು ಮನೇಲಿವೆ."

"ಅಂದ್ರೆ ಯಾರು ಕೆಲಸ ಮಾಡದೆ ಸಂಬಳ ತಗೋತಿದಾರೆ ಅಂತ ಇದ್ರಲ್ಲಿ ಗೊತ್ತಾಗುತ್ತೆ."

"ಹಾಗಲ್ಲ ಸಾರ್. ಸರಪಳಿ ಜೋರಾಗಿ ಓಡಿದ್ರೆ ಕೈ..."

"ಗೊತ್ತಾಗುತ್ತೋ ಇಲ್ವೋ?"

ಕೆಲಸ ಕೈಗೆ ಬರುವ ಹೊತ್ತು. "ಗೊತ್ತಾಗುತ್ತೆ ಸಾರ್," ಎಂದಳು.

ಕೆಲಸದ ಆದೇಶಪತ್ರ ಬಂದ ಸಂಜೆ ಬೀದಿಯ ಹೆಂಗಸರೆಲ್ಲ ಅವರ ಒಂದು ಕೋಣೆಯ ಮನೆಗೆ ನುಗ್ಗಿದರು. ಅಮ್ಮ ಕಾಗದವನ್ನು ಸತ್ತ ಬೆರಳುಗಳಿಂದ ಸವರಿದಳು. ಏನೂ ತಿಳಿಯದೆ, ಬಲಗೈಯಿಂದ ಮತ್ತೆ ಸವರಿದಳು. ಎಡಚಿ ಅತ್ತೆ ಅವಳ ಗಲ್ಲ ಹಿಂಡಿ, "ನಮ್ಮ ಹುಡುಗಿ ಕೂತ್ಕೊಂಡು ಕೆಲ್ಸ ಮಾಡ್ತಾಳ್ರೇ! ಕೂತ್ಕೊಂಡು!" ಎಂದು ಕೂಗಿದಳು. ಆ ಸಾಲಿನಲ್ಲಿ ಹತ್ತು ಗಂಟೆ ನಿಂತವರಿಗೆ ಮಾತ್ರ ಆ ಮಾತಿನ ಬೆಲೆ ಗೊತ್ತು.

ಮೊದಲ ಕೆಲಸ ಕೊಟ್ಟರು. ಮ್ಯಾನೇಜರ್ ಹೇಳಿದ: "ಆ ಗ್ರಾಫೆಲ್ಲ ತೆಗೆದ್ಬಿಡು. ಪಟ್ಟಿ ಬೇಕು. ಹಿಂದೆ ಬಿದ್ದಿರೋರು ಕೆಂಪು, ಸರಿಯಿರೋರು ಹಸಿರು. ಅವ್ರ ಪರವಾಗಿ ಒತ್ತೋರದ್ದು ಬೇರೆ ಪಟ್ಟಿ. ಸುಮ್ನೆ ಒಂದು ಮಾದರಿಗೆ." ತಲೆಯ ಮೇಲಿನ ದಪ್ಪ ಅಕ್ಷರದ ಸಾಲನ್ನು ಅವನೇ ಅಳಿಸಿದ. ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮೂರು ತಿಂಗಳು ಪರೀಕ್ಷಾ ಅವಧಿ, ಆಮೇಲೆ ಕಾಯಂ. ಕುರ್ಚಿ ಮೆತ್ತಗಿತ್ತು. ಮೂರು ವಾರ ಕೂತು ಪಟ್ಟಿ ಮಾಡಿದಳು. ಚೆನ್ನಾಗಿಯೇ ಮಾಡಿದಳು. ಅವಳಿಗೆ ಕೆಟ್ಟದಾಗಿ ಕೆಲಸ ಮಾಡಲು ಬರುವುದಿಲ್ಲ.

ನಾಲ್ಕನೇ ವಾರ, ಗಿರಾಕಿಗೆ ತೋರಿಸಬೇಕು ಎಂದು ಮ್ಯಾನೇಜರ್ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡ. ಎರಡನೇ ತಿರುವಿನಲ್ಲಿ ಅವಳಿಗೆ ವಾಸನೆ ಬಂತು. ಮೂರನೇ ತಿರುವಿನಲ್ಲಿ ಕಾರ್ಖಾನೆಯ ಗೇಟು ಕಂಡಿತು.

"ಸಾರ್, ಇಲ್ಲಿಗಾ?"

"ಇನ್ನೆಲ್ಲಿಗೆ? ಅವ್ರ ಡೇಟಾ, ಅವ್ರಿಗೇ ಮಾರ್ತೀವಿ. ಬುದ್ಧಿವಂತಿಕೆ ಅಂದ್ರೆ ಅದು."

ಬಾಗಿಲು ತೆಗೆದು ಓಡಬೇಕೆನಿಸಿತು. ಇಳಿಯಲಿಲ್ಲ.

ಅಧಿಕಾರಿಗಳ ಬಾಗಿಲಿನಿಂದ ಒಳಗೆ ಕರೆದೊಯ್ದರು. ಬಿಳೀ ಕೋಟು ತೊಡಿಸಿದರು. ಸಾಲನ್ನು ನೋಡುವ ಎತ್ತರದ ಕಟ್ಟೆಯ ಮೇಲೆ ಕಾರ್ಖಾನೆಯ ಯಜಮಾನ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ; ಇವರೂ ಅಲ್ಲಿಗೆ ಹತ್ತಿದರು. ಸಾಲಿನ ಮೇಲೆ, ಎಲ್ಲರಿಗೂ ಕಾಣುವಂತೆ, ಹಲಗೆಗಳ ಗುಂಡಿಗಳಿಗೆ ಜೋಡಿಸಿದ ಗೋಡೆಯಗಲದ ಹೊಸ ಪರದೆ. ಕೆಳಗೆ ಗಂಟಲು ಮೇಸ್ತ್ರಿ. ಸರಪಳಿಯ ಸದ್ದನ್ನೂ ಮೀರಿ ಬೈಯುವ ಶಕ್ತಿ ಇದ್ದುದರಿಂದ ಅವನಿಗೆ ಆ ಹೆಸರು.

ಅಮ್ಮ ಅವಳನ್ನು ನೋಡಿದಳು. ಬಿಳೀ ಕೋಟಿನಲ್ಲಿ ಮಗಳು. ಅಮ್ಮನ ಮುಖ ಅರಳಿತು. ಪಕ್ಕದ ಎಡಚಿ ಅತ್ತೆಗೆ ಮೊಣಕೈಯಿಂದ ತಿವಿದು ತೋರಿಸಿದಳು. ಅತ್ತೆ ಚೂರಿ ಎತ್ತಿ ಸಲಾಮು ಹೊಡೆದು ನಕ್ಕಳು.

ಪರದೆ ಹೊತ್ತಿಕೊಂಡಿತು. ಹಸಿರು, ಹಸಿರು, ಹಸಿರು. ನಲವತ್ತೇಳು ಕೆಂಪು. ಅದರ ಪಕ್ಕದ ಪಟ್ಟಿಯಲ್ಲಿ ನಲವತ್ತೆಂಟು.

ಗಂಟಲು ಮೇಸ್ತ್ರಿ ನೆಟ್ಟಗೆ ಅಮ್ಮನ ಬಳಿ ಹೋದ. ತಲೆಗೂದಲು ಹಿಡಿದು ಸಾಲಿನಿಂದ ಈಚೆಗೆ ಎಳೆದ. "ತೋರ್ಸೇ ಕೈ!" ಕೈಗೆ ಸುತ್ತಿದ್ದ ಬಟ್ಟೆ ಕಿತ್ತ. ಎಡಗೈಯನ್ನು ಹಲಗೆಯ ಮೇಲೆ ಒತ್ತಿ ಹಿಡಿದ. ಅಮ್ಮನ ಚೂರಿಯನ್ನೇ ತೆಗೆದುಕೊಂಡು ನಡುಬೆರಳಿಗೆ ಮೊನೆ ಚುಚ್ಚಿದ. ಅಮ್ಮ ಕಣ್ಣು ಮಿಟುಕಿಸಲಿಲ್ಲ. ಇನ್ನೂ ಒತ್ತಿದ. ರಕ್ತ ಹಲಗೆಗೆ ಹರಿಯಿತು. ಅಮ್ಮ ಮಗಳನ್ನೇ ನೋಡುತ್ತಿದ್ದಳು. ತನ್ನ ಬೆರಳು ಸೀಳುತ್ತಿರುವುದು ಅವಳಿಗೆ ಗೊತ್ತೇ ಆಗಲಿಲ್ಲ.

"ನೋಡಿ ಸಾರ್," ಎಂದ ಮ್ಯಾನೇಜರ್ ಯಜಮಾನನಿಗೆ. "ಕರಾರುವಾಕ್ಕು."



ಎಡಚಿ ಅತ್ತೆ ಮೇಸ್ತ್ರಿಯ ತೋಳಿಗೆ ಜೋತುಬಿದ್ದಳು. ಅವನು ಚೂರಿಯ ಹಿಡಿಯಿಂದ ಅವಳ ಬಾಯಿಗೆ ಬಿಟ್ಟ. ಹಲ್ಲು ನೆಲಕ್ಕೆ ಬಿತ್ತು. ಚೂರಿಯನ್ನು ಹಲಗೆಯ ಮೇಲೆ ಎಸೆದು ಅವಳ ಕುತ್ತಿಗೆ ಹಿಡಿದು ಪರದೆಯ ಕಡೆ ತಿರುಗಿಸಿದ. "ಎಂಟು ತಿಂಗಳು ಇವಳ ಗುಂಡಿ ಒತ್ತಿದೀಯ! ದಿನ, ಗಂಟೆ, ನಿಮಿಷ, ಎಲ್ಲಾ ಇದೆ ನೋಡು! ಇಬ್ರೂ ಇವತ್ತೇ ಆಚೆಗೆ!"

ಅತ್ತೆ ಪರದೆ ನೋಡಿದಳು. ಆ ಎರಡು ನಂಬರುಗಳನ್ನು ಓದಲು ಅವಳಿಗೂ ಬರುತ್ತಿತ್ತು. ಆಮೇಲೆ ಬಿಳೀ ಕೋಟಿನ ಕಡೆ ತಿರುಗಿದಳು. ಬಾಯಿಂದ ರಕ್ತ ಸುರಿಯುತ್ತಿತ್ತು.

"ಇದನ್ನ ನೀನು ಬರೆದ್ಯೇನೇ?"

ಉತ್ತರ ಗೋಡೆಯಗಲ ಹೊಳೆಯುತ್ತಿತ್ತು.

"ವಿವರಿಸಮ್ಮ," ಮ್ಯಾನೇಜರ್ ಅವಳ ಬೆನ್ನಿಗೆ ಬೆರಳಿನಿಂದ ತಿವಿದ. "ನಗ್ತಾ ವಿವರಿಸು. ಯಜಮಾನ್ರು ನೋಡ್ತಿದ್ದಾರೆ."

ಮೇಸ್ತ್ರಿ ಅತ್ತೆಯನ್ನು ತಳ್ಳಿ, ಮತ್ತೆ ಅಮ್ಮನ ಕೂದಲು ಹಿಡಿದು ಬಾಗಿಲ ಕಡೆ ದರದರ ಎಳೆಯುತ್ತಿದ್ದ. ಅಮ್ಮ ಒದ್ದೆ ನೆಲದಲ್ಲಿ ಜಾರಿ ಮಂಡಿಯೂರಿ ಬಿದ್ದಳು. ಬಿದ್ದವಳನ್ನೇ ಎಳೆದ. ಅರವತ್ತು ಹೆಂಗಸರು ತಲೆ ತಗ್ಗಿಸಿ ಕತ್ತರಿಸುತ್ತಿದ್ದರು. ಒಂಬತ್ತು ಸೆಕೆಂಡು. ಒಂಬತ್ತು ಸೆಕೆಂಡು.

ಅವಳು ಮೆಟ್ಟಿಲಿಳಿದು ಓಡಿದಳು. ಹಲಗೆಯ ಮೇಲಿದ್ದ ಅಮ್ಮನ ಚೂರಿ ಕೈಗೆ ಬಂತು.

ಮೇಸ್ತ್ರಿ ಅವಳನ್ನು ನೋಡಿ ನಕ್ಕ. "ಏನಮ್ಮ ಕಂಪ್ಯೂಟರಮ್ಮ, ಕೋಟು ಕೊಳೆಯಾಗುತ್ತೆ, ಹೋಗು."

ಆರು ವರ್ಷದ ಕೈ ಅದು. ಸ್ನಾಯು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೂದಲು ಹಿಡಿದಿದ್ದ ಅವನ ಮುಂಗೈಯ ಮೇಲೆ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಅಡ್ಡಡ್ಡ ಒಂದು ಏಟು. ಅವನ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಅಮ್ಮನ ಕೂದಲು ಕೆಳಗೆ ಜಾರಿತು. ಗಂಟಲು ಮೇಸ್ತ್ರಿ ಕಿರುಚಿದ. ಅಂಥ ಗಂಟಲು ಅವನಿಗಿದೆ ಎಂದು ಆ ಸಾಲಿನವರಿಗೂ ಗೊತ್ತಿರಲಿಲ್ಲ.

ಸಾಲಿನ ತುದಿಯಲ್ಲಿ ಒಂದು ಕೆಂಪು ಹಗ್ಗವಿದೆ. ಅದನ್ನು ಮೈಯ ಭಾರವೆಲ್ಲ ಹಾಕಿ ಎಳೆದು ಹಿಡಿದಷ್ಟು ಹೊತ್ತು ಸರಪಳಿ ನಿಲ್ಲುತ್ತದೆ. ಬಿಟ್ಟರೆ ಮತ್ತೆ ಓಡುತ್ತದೆ. ಅವಳು ಕಂಡಂತೆ ಅದನ್ನು ಎಳೆದದ್ದು ಒಂದೇ ಸಲ, ಒಬ್ಬಳು ಗರಗಸದ ಮೇಲೆ ಬಿದ್ದಾಗ. ಹೆಣ ಎತ್ತುವಷ್ಟು ಹೊತ್ತು ಮಾತ್ರ ಹಿಡಿದಿದ್ದರು. ಅವಳು ಚೂರಿ ಎಸೆದು ಆ ಹಗ್ಗಕ್ಕೆ ಜೋತುಬಿದ್ದಳು.

ಸರಪಳಿ ಕಿರ್ರೆಂದು ನಿಂತಿತು. ಕುರಿಗಳು ಒಂದಕ್ಕೊಂದು ಬಡಿದು ತೂಗಿದವು. ಅಷ್ಟು ದೊಡ್ಡ ಕೋಣೆಯಲ್ಲಿ ನಲ್ಲಿಯ ನೀರು ಸೋರುವುದು ಕೇಳಿಸಿತು.

"ಹಗ್ಗ ಬಿಡೇ!" ಯಜಮಾನನ ಕೈಯಿಂದ ಕರವಸ್ತ್ರ ಬಿದ್ದಿತ್ತು.

"ನಿನ್ನ ಕೆಲ್ಸ ಹೋಯ್ತು," ಮ್ಯಾನೇಜರ್ ಕಟ್ಟೆಯ ಅಂಚಿಗೆ ಬಂದು ಕೂಗಿದ. "ಇನ್ನು ಯಾವ ಕಂಪನಿನೂ ನಿನ್ನನ್ನ ಹತ್ರ ಸೇರಿಸಲ್ಲ. ನಾನ್ ನೋಡ್ಕೋತೀನಿ. ಯಾರು ಅಂದ್ಕೊಂಡಿದೀಯ ನೀನು?"

"ನನ್ನ ಬಗ್ಗೆ ಹೇಳು ಅಂದಿದ್ರಲ್ಲ," ಎಂದಳು ಅವಳು. ಹಗ್ಗಕ್ಕೆ ಮೈ ಜಗ್ಗಿ ಉಸಿರು ಸಾಲುತ್ತಿರಲಿಲ್ಲ. "ಅವತ್ತು ಹೇಳಿದ್ದು ಸುಳ್ಳು. ಈಗ ಕೇಳಿ. ನಾನು ಟೋಕನ್ ನಲವತ್ತೊಂಬತ್ತು ಆಗಿದ್ದೆ. ಈ ಬೆರಳು ಇಲ್ಲೇ, ಆ ಹಲಗೆ ಮೇಲೆ ಹೋಯ್ತು. ನಲವತ್ತು ದಿನ ನಲವತ್ತೆಂಟು ನನಗೆ ಅನ್ನ ಹಾಕಿದ್ಲು, ತನ್ನ ಕೈ ಒಡ್ಡಿ. ನಲವತ್ತೇಳು ನನ್ನ ಹೆತ್ತಮ್ಮ. ಇಬ್ರನ್ನೂ ನಾನೇ ಹಿಡಿದುಕೊಟ್ಟೆ. ಮೆತ್ತನೆ ಕುರ್ಚಿಗೆ. ಇದೇ ನನ್ನ ಬಯೋಡೇಟಾ."

ಕೊನೆಯ ಮಾತಿಗೆ ಅವಳು ಅತ್ತಳು. ಅಳುವುದಕ್ಕೆ ನಾಚಿಕೆಯಾಗಲಿಲ್ಲ.

ಮೇಲೆ ಪರದೆ ತನ್ನ ಕೆಲಸ ಮಾಡುತ್ತಿತ್ತು. ಒಂಬತ್ತು ಸೆಕೆಂಡಿನಲ್ಲಿ ಗುಂಡಿ ಒತ್ತದ ಟೋಕನ್ ಕೆಂಪಾಗಬೇಕು ಎಂದು ಅವಳೇ ಬರೆದಿದ್ದಳು. ಮೂವತ್ತು ಕೆಂಪಾಯಿತು. ಹನ್ನೆರಡು ಕೆಂಪಾಯಿತು. ಐವತ್ತೈದು, ಆರು, ಇಪ್ಪತ್ತು. ನೋಡುನೋಡುತ್ತಿದ್ದಂತೆ ಅರವತ್ತೆರಡೂ ಕೆಂಪಾದವು. ಹೆಂಗಸರು ತಲೆ ಎತ್ತಿ ನೋಡಿದರು. ಯಾರೋ ಒಬ್ಬಳು ಗವಸು ಕಳಚಿ ನೆಲಕ್ಕೆ ಎಸೆದಳು. ಆಮೇಲೆ ಇನ್ನೊಬ್ಬಳು. ಚೂರಿಗಳನ್ನು ಮಾತ್ರ ಯಾರೂ ಕೆಳಗಿಡಲಿಲ್ಲ.

ಎಡಚಿ ಅತ್ತೆ ಎದ್ದು ಬಂದಳು. ಅವಳ ಮುಂದೆ ನಿಂತಳು. ಎಡಗೈ ಎತ್ತಿ, ಕೆನ್ನೆಗೆ ಬಾರಿಸಿದಳು. ಕಿವಿ ಗುಂಯ್ ಎಂದಿತು. ಇನ್ನೊಂದು ಬಾರಿಸಿದಳು. ಅವಳು ಹಗ್ಗ ಬಿಡಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ.

ಅತ್ತೆ ರಕ್ತ ಉಗುಳಿ, ಎರಡೂ ಕೈಯಿಂದ ಹಗ್ಗ ಹಿಡಿದಳು. "ಸರಿ ಆಚೆ. ನಿನ್ನ ಕೈ ಸೋತಿದೆ."

ಅಮ್ಮ ಬಂದು ಸರಿಯಿದ್ದ ಬಲಗೈಯನ್ನು ಅತ್ತೆಯ ಕೈಯ ಮೇಲಿಟ್ಟಳು. ಹಿಂದೆ ಒಬ್ಬೊಬ್ಬರಾಗಿ ಬಂದು ನಿಂತರು. ಇಬ್ಬರು ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಬಾಗಿಲ ಹೊರಗೆ ಯಜಮಾನನ ಕಡೆಯವರ ಬೂಟಿನ ಸದ್ದು ಕೇಳಿಸುತ್ತಿತ್ತು. ದೊಣ್ಣೆಗಳನ್ನು ಕಬ್ಬಿಣದ ಬಾಗಿಲಿಗೆ ಬಡಿಯುತ್ತಿದ್ದರು. ಅವಳು ಬಿಳೀ ಕೋಟು ಬಿಚ್ಚಿ ನೆಲಕ್ಕೆ ಹಾಕಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತಳು. ಯಾರೂ ಅವಳನ್ನು ಕರೆಯಲಿಲ್ಲ.

ಬಾಗಿಲು ಅದುರಿತು. ಚಿಲಕದ ಮೊಳೆಯೊಂದು ಕಿತ್ತು ಬಂತು. ಅತ್ತೆಯ ತೋಳುಗಳು ನಡುಗತೊಡಗಿದವು.

"ಇದೆಲ್ಲ ಮುಗೀಲಿ, ನಿನ್ನ ಹತ್ರ ಬೇರೆ ಮಾತಾಡೋದಿದೆ," ಎಂದಳು ಅತ್ತೆ, ತಿರುಗಿ ನೋಡದೆ. "ಬಿಡ್ತೀನಿ ಅಂದ್ಕೋಬೇಡ. ಈಗ ಬಾ. ನನ್ನಿಂದಾಗ್ತಿಲ್ಲ, ಹೆಗಲು ಕೊಡು."

ಅವಳು ಹೋಗಿ ಹಗ್ಗ ಹಿಡಿದಳು.